ಮೊದಲ ಸ್ವಂತ ವೆಬ್‌ಸೈಟ್: ಖಾಲಿ ಫೋಲ್ಡರಿನಿಂದ ಸ್ವಂತ ವಿಳಾಸದವರೆಗೆ

ಸ್ವಂತ ವೆಬ್‌ಸೈಟ್ ಮಾಡಬೇಕೆಂದು ಹೊರಟವರಲ್ಲಿ ಬಹಳ ಜನ ಮೊದಲು ಡೊಮೇನ್, ಅಂದರೆ ಸೈಟಿನ ಸ್ವಂತ ವಿಳಾಸದ ಹೆಸರು, ಕೊಳ್ಳುತ್ತಾರೆ. ಅದರ ಪಕ್ಕದಲ್ಲೇ ಮೂರು ವರ್ಷದ ಹೋಸ್ಟಿಂಗ್ (ಸೈಟಿನ ಫೈಲುಗಳನ್ನು ಇಂಟರ್‌ನೆಟ್ಟಿನಲ್ಲಿ ಇಡುವ ಜಾಗ) ಆಫರ್ ಕಾಣಿಸುತ್ತದೆ, ಅದಕ್ಕೂ ದುಡ್ಡು ಕಟ್ಟುತ್ತಾರೆ. ಆಮೇಲೆ ಕಂಟ್ರೋಲ್ ಪ್ಯಾನೆಲ್ ತೆರೆದು ಕೂತರೆ ಎಲ್ಲಿ ಏನು ಒತ್ತಬೇಕು ಎಂದೇ ತಿಳಿಯುವುದಿಲ್ಲ. ನವೀಕರಣದ ಬಿಲ್ ಬರುವ ಹೊತ್ತಿಗೂ ಸೈಟಿನಲ್ಲಿ ‘ಶೀಘ್ರದಲ್ಲೇ ಬರಲಿದೆ’ ಎಂಬ ಒಂದೇ ಸಾಲು ಉಳಿದಿರುತ್ತದೆ.

ಇಲ್ಲಿ ಎಡವಿಸುವುದು ಬುದ್ಧಿಯ ಕೊರತೆಯಲ್ಲ, ಕೆಲಸದ ಕ್ರಮ. ಮೊದಲು ಬರಹ ಸಿದ್ಧವಾಗಬೇಕು, ಆಮೇಲೆ ನಿಮ್ಮ ಕಂಪ್ಯೂಟರಿನಲ್ಲೇ ಪುಟ ತಯಾರಾಗಬೇಕು, ಅದು ಉಚಿತ ಹೋಸ್ಟಿಂಗಿಗೆ ಏರಬೇಕು, ಎಲ್ಲಕ್ಕಿಂತ ಕೊನೆಗೆ ಡೊಮೇನ್. ಈ ಕ್ರಮದಲ್ಲಿ ಹೋದರೆ ಡೊಮೇನ್ ಕೊಳ್ಳುವ ಹಂತದವರೆಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಕೊಳ್ಳುವ ಹೊತ್ತಿಗೆ ತೋರಿಸಲು ಸೈಟೂ ಇರುತ್ತದೆ.

## ಶುರು ಮಾಡುವ ಮುಂಚೆ: ಏನೇನು ಬೇಕು

ಒಂದು ಕಂಪ್ಯೂಟರ್ ಬೇಕು. ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ಫೋನ್ ಒಂದರಲ್ಲೇ ಮಾಡಬಹುದಾದರೂ ಫೈಲ್ ಹೆಸರು ತಿದ್ದುವುದು, ಫೋಲ್ಡರ್ ಸರಿಪಡಿಸುವುದು ಅಲ್ಲಿ ಬಹಳ ಕಷ್ಟ, ಹೊಸಬರು ಅಲ್ಲೇ ಸೋತು ಬಿಡುತ್ತಾರೆ.

ಬರೆಯಲು ವಿಎಸ್ ಕೋಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ವರ್ಡ್ ಬೇಡವೇ ಬೇಡ. ವರ್ಡ್ ತನ್ನದೇ ಫಾರ್ಮ್ಯಾಟಿಂಗ್ ಕಸವನ್ನು ಪುಟದ ತುಂಬ ಸುರಿಯುತ್ತದೆ, ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆಗಳಾಗಿ ಬದಲಿಸಿ ಕೋಡ್ ಕೆಡಿಸುತ್ತದೆ.

ನೀವು ದಿನವೂ ನೋಡುವ ಒಂದು ಇಮೇಲ್ ಬೇಕು. ಆಫೀಸಿನದೂ ಬೇಡ, ಕಾಲೇಜಿನದೂ ಬೇಡ. ಕೆಲಸ ಬಿಟ್ಟ ದಿನ ಆ ಇಮೇಲ್ ಹೋಗುತ್ತದೆ, ಅದರೊಂದಿಗೆ ಸೈಟಿನ ಕೀಲಿಯೂ ಹೋಗುತ್ತದೆ.

ಒಂದು ಮಾತು: ದಿನಾ ಒಂದು ಬರಹ ಹಾಕುವುದಷ್ಟೇ ನಿಮ್ಮ ಆಸೆ, ಕೋಡ್ ಕಡೆ ತಿರುಗಿಯೂ ನೋಡುವುದಿಲ್ಲ ಎನ್ನುವುದಾದರೆ ಬ್ಲಾಗರ್ ಅಥವಾ ವರ್ಡ್‌ಪ್ರೆಸ್ ಸಾಕು, ಈ ದಾರಿ ಹಿಡಿಯಬೇಡಿ. ನಿಮ್ಮ ಪರಿಚಯ, ಕೆಲಸ, ಆಯ್ದ ಕೆಲವು ಬರಹ ಇವನ್ನು ನಿಮ್ಮದೇ ಹಿಡಿತದಲ್ಲಿ ಇಡಬೇಕು ಎನ್ನುವವರಿಗೆ ಮುಂದಿನ ಹಂತಗಳು.

## 1. ಮೊದಲು ಬರಹ ಸಿದ್ಧಮಾಡಿ

ಮೂರು ಪುಟ ಸಾಕು: ಮುಖಪುಟ, ನಿಮ್ಮ ಬಗ್ಗೆ, ನಿಮ್ಮ ಕೆಲಸ ಅಥವಾ ಬರಹ. ಮೂರಕ್ಕೂ ಬೇಕಾದ ಮಾತನ್ನು ಒಂದು ಖಾಲಿ ಫೈಲಿನಲ್ಲಿ ಪೂರ್ತಿ ಬರೆದು ಮುಗಿಸಿ. ಮುಖಪುಟಕ್ಕೆ ನಾಲ್ಕೈದು ಸಾಲು ಧಾರಾಳವಾಯಿತು. ನೀವು ಯಾರು, ಏನು ಮಾಡುತ್ತೀರಿ, ಓದುಗ ಮುಂದೆ ಎಲ್ಲಿ ಒತ್ತಬೇಕು, ಇಷ್ಟು ತಿಳಿದರೆ ಆಯಿತು.

‘ಆಮೇಲೆ ತುಂಬಿಸಿದರಾಯಿತು’ ಎಂದು ಖಾಲಿ ಬಿಟ್ಟ ಪುಟ ಖಾಲಿಯೇ ಉಳಿಯುತ್ತದೆ. ತುಂಬಲು ಮಾತಿಲ್ಲದ ಪುಟವಿದ್ದರೆ ಅದನ್ನು ಈಗಲೇ ಕೈಬಿಡಿ. ಎರಡೇ ಪುಟದ ಸೈಟ್ ಆದರೂ ತೊಂದರೆಯಿಲ್ಲ.

## 2. ನಿಮ್ಮ ಕನ್ನಡ ಯೂನಿಕೋಡೇ? ಖಾತ್ರಿ ಮಾಡಿಕೊಳ್ಳಿ

ಕನ್ನಡದಲ್ಲಿ ಸೈಟ್ ಮಾಡುವವರು ಅತಿ ಹೆಚ್ಚು ಮುಗ್ಗರಿಸುವುದು ಇಲ್ಲೇ. ಇಂಗ್ಲಿಷ್ ಪಾಠಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಏರ್ಪಾಡು.

ನಿಮ್ಮ ಹಳೆಯ ಬರಹಗಳು ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶದಲ್ಲಿ ಟೈಪ್ ಆಗಿದ್ದರೆ, ಅಥವಾ ಡಿಟಿಪಿ ಅಂಗಡಿಯಿಂದ ಬಂದಿದ್ದರೆ, ಅವು ಆಸ್ಕಿ ಫಾಂಟಿನಲ್ಲಿ ಇರುವ ಸಾಧ್ಯತೆ ಬಹಳ. ಅಂಥ ಫೈಲಿನೊಳಗೆ ನಿಜವಾಗಿ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಆ ಫಾಂಟ್ ಕನ್ನಡದ ಆಕಾರ ತೊಡಿಸಿರುತ್ತದೆ, ಅಷ್ಟೆ. ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ.

ಪರೀಕ್ಷೆ ಸುಲಭ. ಬರಹದ ಒಂದು ಸಾಲನ್ನು ಕಾಪಿ ಮಾಡಿ ವಿಎಸ್ ಕೋಡಿನಲ್ಲಿ ಅಂಟಿಸಿ. ಕನ್ನಡವೇ ಕಂಡರೆ ಅದು ಯೂನಿಕೋಡ್, ಮುಂದಕ್ಕೆ ಹೋಗಿ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಂಡರೆ ಅದು ಆಸ್ಕಿ. ಹಾಗಿದ್ದರೆ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬಳಸಿ, ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಲೇಬೇಕು. ಅರ್ಕಾವೊತ್ತು ಇರುವ ಪದ, ಎರಡೆರಡು ಒತ್ತು ಬರುವ ಪದ, ನಡುವೆ ಬಂದ ಇಂಗ್ಲಿಷ್ ಹೆಸರು, ಇವನ್ನು ವಿಶೇಷವಾಗಿ ನೋಡಿ.

ಮುಂದೆ ಪುಟದಲ್ಲಿ ಕನ್ನಡ ಕೆಟ್ಟು ಕಂಡರೆ ರೋಗವನ್ನು ಲಕ್ಷಣದಿಂದಲೇ ಹಿಡಿಯಬಹುದು:

- ಪೌಂಡ್ ಚಿಹ್ನೆ ಬೆರೆತ ಇಂಗ್ಲಿಷ್ ಕಂಡರೆ: ಬರಹ ಆಸ್ಕಿಯಲ್ಲೇ ಉಳಿದಿದೆ. ಪರಿವರ್ತಿಸಿ.
- ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಅದರ ಪಕ್ಕ ಪುಟ್ಟ 2, ಇವೇ ಮತ್ತೆ ಮತ್ತೆ ಬಂದರೆ: ಬರಹ ಸರಿಯಾಗಿದೆ, ಬ್ರೌಸರ್ ತಪ್ಪಾಗಿ ಓದುತ್ತಿದೆ. ಪುಟದಲ್ಲಿ ಯುಟಿಎಫ್-8 (ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ರೀತಿ) ಎಂದು ತಿಳಿಸುವ ಸಾಲು ಬಿಟ್ಟುಹೋಗಿದೆ.
- ಖಾಲಿ ಚೌಕಗಳು ಕಂಡರೆ: ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ನಿಮ್ಮ ಫೈಲಿನಲ್ಲಿ ದೋಷವಿಲ್ಲ.
- ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ: ಯಾವುದೋ ತಂತ್ರಾಂಶ ಫೈಲನ್ನು ಕನ್ನಡ ಹಿಡಿಸದ ‘ಆನ್ಸಿ’ ಎಂಬ ಹಳೆಯ ರೂಪದಲ್ಲಿ ಉಳಿಸಿದೆ, ಕನ್ನಡ ಅಳಿಸಿಹೋಗಿದೆ. ಇದನ್ನು ರಿಪೇರಿ ಮಾಡಲಾಗದು, ಮೂಲ ಬರಹದಿಂದ ಮತ್ತೆ ತರಬೇಕು. ಮೊದಲ ಹಂತದ ಫೈಲನ್ನು ಬೇರೆ ಕಡೆ ಜೋಪಾನವಾಗಿ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

## 3. ಫೋಲ್ಡರ್ ಮತ್ತು ಫೈಲ್ ಹೆಸರು

ಒಂದು ಹೊಸ ಫೋಲ್ಡರ್ ಮಾಡಿ. ಸೈಟಿಗೆ ಸೇರಿದ ಪ್ರತಿಯೊಂದೂ ಅದರೊಳಗೇ ಇರಬೇಕು. ಚಿತ್ರಗಳಿಗೆ ಅದರೊಳಗೆ ‘ಇಮೇಜಸ್’ ಎಂದು ಇನ್ನೊಂದು ಫೋಲ್ಡರ್. ಮುಖಪುಟದ ಫೈಲಿನ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಆಗಿರಲೇಬೇಕು. ಯಾರಾದರೂ ವಿಳಾಸ ಹೊಡೆದಾಗ ಸರ್ವರ್ (ಸೈಟಿನ ಫೈಲುಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರ್) ಹುಡುಕುವುದು ಆ ಹೆಸರನ್ನೇ. (ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಫೈಲ್ ಹೆಸರು, ಟ್ಯಾಗ್, ಆಜ್ಞೆಗಳನ್ನೆಲ್ಲ ನೀವು ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.)

ಹೆಸರಿಡುವಾಗ ಮೂರು ನಿಯಮ ಪಾಲಿಸಿ. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. ಪದಗಳ ನಡುವೆ ಖಾಲಿ ಜಾಗ ಬೇಡ, ಅಡ್ಡಗೆರೆ ಹಾಕಿ. ಹೆಸರು ಅಂಡರ್‌ಸ್ಕೋರಿನಿಂದ ಶುರುವಾಗುವುದು ಬೇಡ.

ಸಣ್ಣಕ್ಷರ ಏಕೆಂದರೆ ವಿಂಡೋಸ್ ದೊಡ್ಡ ‘ಪಿ’ಗೂ ಸಣ್ಣ ‘ಪಿ’ಗೂ ಭೇದ ಮಾಡುವುದಿಲ್ಲ, ಸರ್ವರ್ ಮಾಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಫೋಟೊ ಇಂಟರ್‌ನೆಟ್ಟಿನಲ್ಲಿ ಮಾಯವಾಗಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಕ್ಯಾಮೆರಾ ಕೊಟ್ಟ ಹೆಸರಿನ ಕೊನೆಯ ‘ಜೆಪಿಜಿ’ ದೊಡ್ಡಕ್ಷರದಲ್ಲಿದ್ದು, ನೀವು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೂ ಅದೇ ಗತಿ.

ಫೈಲಿಗೆ ಕನ್ನಡದಲ್ಲೇ ಹೆಸರಿಡಬಾರದೇ? ಇಡಬಹುದು, ಕೆಲಸವೂ ಮಾಡುತ್ತದೆ. ಆದರೆ ವಿಳಾಸವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಕಳಿಸಿದಾಗ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಇಂಗ್ಲಿಷ್ ಚಿಹ್ನೆಗಳಾಗಿ ಒಡೆಯುವುದುಂಟು. ಒಳಗೆ ಐದು ಸಂಕೇತಗಳಿರುವ ‘ಕನ್ನಡ’ ಎಂಬ ಪದವೊಂದೇ ಶೇಕಡಾ ಚಿಹ್ನೆಗಳಿಂದ ತುಂಬಿದ 45 ಚಿಹ್ನೆಗಳ ಸಾಲಾಗುತ್ತದೆ. ಅಂಥ ಲಿಂಕ್ ಕಂಡವರು ವೈರಸ್ ಎಂದು ಹೆದರಿ ಒತ್ತುವುದೇ ಇಲ್ಲ. ಪುಟದೊಳಗೆ ಎಷ್ಟು ಬೇಕಾದರೂ ಕನ್ನಡ ಇರಲಿ, ಫೈಲ್ ಹೆಸರು ಮಾತ್ರ ಇಂಗ್ಲಿಷಿನಲ್ಲಿರಲಿ.

ಎಚ್ಚರಿಕೆ: ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಬಚ್ಚಿಡುತ್ತದೆ. ನೀವು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದುಕೊಂಡಿದ್ದು ನಿಜದಲ್ಲಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಡಾಟ್ ಟಿಎಕ್ಸ್‌ಟಿ ಆಗಿರಬಹುದು. ಫೈಲ್ ಎಕ್ಸ್‌ಪ್ಲೋರರಿನಲ್ಲಿ ‘ವ್ಯೂ’ ಒತ್ತಿ, ವಿಂಡೋಸ್ 11 ಆದರೆ ಅದರೊಳಗಿನ ‘ಶೋ’ಗೆ ಹೋಗಿ, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿ. ಡಬಲ್ ಕ್ಲಿಕ್ ಮಾಡಿದ ಫೈಲ್ ಬ್ರೌಸರಿನ ಬದಲು ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡರೆ ಮೊದಲು ಇದನ್ನೇ ಅನುಮಾನಿಸಿ.

## 4. ಮೊದಲ ಪುಟ

ವಿಎಸ್ ಕೋಡಿನಲ್ಲಿ ‘ಫೈಲ್’, ‘ಓಪನ್ ಫೋಲ್ಡರ್’ ಒತ್ತಿ ನಿಮ್ಮ ಫೋಲ್ಡರನ್ನು ತೆರೆಯಿರಿ. ಹೊಸ ಫೈಲ್ ಮಾಡಿ, ಬರೆಯುವ ಮೊದಲೇ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದು ಹೆಸರು ಕೊಟ್ಟು ಉಳಿಸಿ.

ಈಗ ಕೀಬೋರ್ಡನ್ನು ಇಂಗ್ಲಿಷಿಗೆ ತಂದು, ಖಾಲಿ ಪುಟದಲ್ಲಿ ಒಂದೇ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿ. ಪುಟದ ಅಸ್ಥಿಪಂಜರವೆಲ್ಲ ತಾನಾಗಿ ಮೂಡುತ್ತದೆ. ಮೂಡದಿದ್ದರೆ ಫೈಲನ್ನು ಸರಿಯಾದ ಹೆಸರಿನಲ್ಲಿ ಉಳಿಸಿಲ್ಲ, ಇಲ್ಲವೇ ಕೀಬೋರ್ಡ್ ಇನ್ನೂ ಕನ್ನಡದಲ್ಲಿದೆ.

ಮೂಡಿದ ಸಾಲುಗಳಲ್ಲಿ ಎರಡನ್ನು ತಿದ್ದಬೇಕು, ಎರಡನ್ನು ಮುಟ್ಟಬಾರದು.

ತಿದ್ದಬೇಕಾದದ್ದು: ‘ಲ್ಯಾಂಗ್’ ಎಂಬಲ್ಲಿ ‘ಇ ಎನ್’ ಎಂದಿರುತ್ತದೆ, ಅದನ್ನು ‘ಕೆ ಎನ್’ ಎಂದು ಮಾಡಿ. ಇದು ಪುಟ ಕನ್ನಡದ್ದು ಎಂದು ಬ್ರೌಸರಿಗೂ, ದೃಷ್ಟಿಯಿಲ್ಲದವರು ಬಳಸುವ ಓದುಯಂತ್ರಕ್ಕೂ ತಿಳಿಸುತ್ತದೆ. ಹಾಗೆಯೇ ಬಿಟ್ಟರೆ ಆ ಯಂತ್ರ ನಿಮ್ಮ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೊರಡಬಹುದು. ಇನ್ನೊಂದು ‘ಟೈಟಲ್’. ಅಲ್ಲಿ ‘ಡಾಕ್ಯುಮೆಂಟ್’ ಎಂದಿರುತ್ತದೆ. ನಿಮ್ಮ ಹೆಸರು, ಕೆಲಸ ಬರೆಯಿರಿ. ಗೂಗಲಿನಲ್ಲಿ ನೀಲಿ ಅಕ್ಷರದಲ್ಲಿ ಕಾಣುವ ಸಾಲು ಸಾಮಾನ್ಯವಾಗಿ ಇದೇ. ‘ಡಾಕ್ಯುಮೆಂಟ್’ ಎಂಬ ಹೆಸರಿನಲ್ಲೇ ಲೋಕಕ್ಕೆ ಬಿದ್ದ ಸೈಟುಗಳಿಗೆ ಲೆಕ್ಕವಿಲ್ಲ.

ಮುಟ್ಟಬಾರದ್ದು: ‘ಮೆಟಾ ಚಾರ್‌ಸೆಟ್ ಯುಟಿಎಫ್-8’ ಸಾಲು ಮತ್ತು ‘ಮೆಟಾ ವ್ಯೂಪೋರ್ಟ್’ ಸಾಲು. ಮೊದಲನೆಯದು ಹೋದರೆ ಕನ್ನಡ ಕೆಡಬಹುದು. ಎರಡನೆಯದು ಹೋದರೆ ಫೋನಿನಲ್ಲಿ ಇಡೀ ಪುಟ ಕುಗ್ಗಿ ಇರುವೆ ಗಾತ್ರದ ಅಕ್ಷರ ಕಾಣುತ್ತದೆ.

ಇನ್ನು ‘ಬಾಡಿ’ ಟ್ಯಾಗಿನ ಒಳಗೆ ನಿಮ್ಮ ಬರಹ. ಟ್ಯಾಗ್ ಎಂದರೆ ಇದು ಶೀರ್ಷಿಕೆ, ಇದು ಪ್ಯಾರಾ ಎಂದು ಬ್ರೌಸರಿಗೆ ತಿಳಿಸುವ ಗುರುತು. ‘ಎಚ್1’ ಎಂದು ಹೊಡೆದು ಟ್ಯಾಬ್ ಒತ್ತಿದರೆ ಶೀರ್ಷಿಕೆಯ ಟ್ಯಾಗ್ ಜೋಡಿ ಬರುತ್ತದೆ, ‘ಪಿ’ ಹೊಡೆದು ಟ್ಯಾಬ್ ಒತ್ತಿದರೆ ಪ್ಯಾರಾ, ‘ಎ’ ಹೊಡೆದು ಟ್ಯಾಬ್ ಒತ್ತಿದರೆ ಲಿಂಕ್. ಬರಹ ತೆರೆಯುವ ಟ್ಯಾಗಿಗೂ ಮುಚ್ಚುವ ಟ್ಯಾಗಿಗೂ ನಡುವೆ ಇರಬೇಕು. ಸದ್ಯಕ್ಕೆ ಇಷ್ಟು ಟ್ಯಾಗ್ ಸಾಕು. ಇಪ್ಪತ್ತು ಟ್ಯಾಗ್ ಕಲಿತು ಆಮೇಲೆ ಶುರು ಮಾಡುತ್ತೇನೆ ಎನ್ನುವವರು ಶುರು ಮಾಡುವುದು ಕಡಿಮೆ.

ಉಳಿಸಿ, ಫೋಲ್ಡರಿನಲ್ಲಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ. ಬ್ರೌಸರಿನಲ್ಲಿ ನಿಮ್ಮ ಪುಟ ತೆರೆಯುತ್ತದೆ. ಇದೇ ರೀತಿ ಉಳಿದ ಎರಡು ಪುಟ ಮಾಡಿ, ಮೂರಕ್ಕೂ ಪರಸ್ಪರ ಲಿಂಕ್ ಕೊಡಿ. ಲಿಂಕಿನಲ್ಲಿ ಬರೀ ಫೈಲ್ ಹೆಸರು ಸಾಕು. ‘ಸಿ’ ಡ್ರೈವಿನಿಂದ ಶುರುವಾಗುವ ಉದ್ದನೆಯ ದಾರಿ ಎಲ್ಲಾದರೂ ಕಂಡರೆ ಅಳಿಸಿ. ಆ ಡ್ರೈವ್ ಇರುವುದು ನಿಮ್ಮ ಮನೆಯಲ್ಲಿ ಮಾತ್ರ. ದಾರಿಯಲ್ಲಿ ಹಿಂದಕ್ಕೆ ವಾಲಿದ ಗೆರೆಯೂ ಬೇಡ, ಮುಂದಕ್ಕೆ ವಾಲಿದ ಗೆರೆಯನ್ನೇ ಹಾಕಿ.

## 5. ಕನ್ನಡ ಓದಲು ಹಿತವಾಗಿರಲಿ

‘ಸ್ಟೈಲ್ ಡಾಟ್ ಸಿಎಸ್ಎಸ್’ ಎಂಬ ಇನ್ನೊಂದು ಫೈಲ್ ಮಾಡಿ. ಪುಟ ಹೇಗೆ ಕಾಣಬೇಕು ಎಂದು ಹೇಳುವುದು ಈ ಫೈಲ್. ಪ್ರತಿ ಪುಟದ ‘ಹೆಡ್’ ಒಳಗೆ ‘ಲಿಂಕ್ ಕೋಲನ್ ಸಿಎಸ್ಎಸ್’ ಎಂದು ಖಾಲಿ ಜಾಗವಿಲ್ಲದೆ ಹೊಡೆದು ಟ್ಯಾಬ್ ಒತ್ತಿದರೆ ಅದನ್ನು ಜೋಡಿಸುವ ಸಾಲು ಬರುತ್ತದೆ. ‘ಕೋಲನ್’ ಎಂದರೆ ಇಲ್ಲಿ ಎರಡು ಚುಕ್ಕೆಯ ಚಿಹ್ನೆ.

‘ಬಾಡಿ’ಗೆ ನಾಲ್ಕು ಗುಣ ಕೊಡಿ: ಅಕ್ಷರದ ಗಾತ್ರ (‘ಫಾಂಟ್-ಸೈಜ್’) 18 ಪಿಕ್ಸೆಲ್, ಸಾಲಿನ ಎತ್ತರ (‘ಲೈನ್-ಹೈಟ್’) 1.7, ಗರಿಷ್ಠ ಅಗಲ (‘ಮ್ಯಾಕ್ಸ್-ವಿಡ್ತ್’) 700 ಪಿಕ್ಸೆಲ್, ಅಂಚಿನೊಳಗಿನ ಜಾಗ (‘ಪ್ಯಾಡಿಂಗ್’) 16 ಪಿಕ್ಸೆಲ್. ಚಿತ್ರಗಳಿಗೆ (‘ಐಎಂಜಿ’) ಗರಿಷ್ಠ ಅಗಲ ನೂರು ಶೇಕಡಾ ಎಂದು ಕೊಡಿ, ಇಲ್ಲದಿದ್ದರೆ ಫೋನಿನಲ್ಲಿ ಪುಟ ಅಡ್ಡಡ್ಡ ಜಾರುತ್ತದೆ. ಗುಣಗಳ ಇಂಗ್ಲಿಷ್ ಹೆಸರಿನ ಮೊದಲೆರಡು ಅಕ್ಷರ ಹೊಡೆಯುತ್ತಿದ್ದಂತೆ ವಿಎಸ್ ಕೋಡ್ ಪಟ್ಟಿ ತೋರಿಸುತ್ತದೆ. ಪ್ರತಿ ಸಾಲಿನ ಕೊನೆಗೆ ಅರ್ಧವಿರಾಮ ಚಿಹ್ನೆ ಇರಬೇಕು. ಒಂದು ಕಡೆ ಬಿಟ್ಟರೆ ಅದರ ಮುಂದಿನ ಸಾಲೂ ಕೆಲಸ ಮಾಡುವುದಿಲ್ಲ.

1.7 ಏಕೆ? ಇಂಗ್ಲಿಷ್ ಮಾದರಿಗಳಲ್ಲಿ 1.4 ಅಥವಾ 1.5 ಇರುತ್ತದೆ, ಅವರಿಗೆ ಅಷ್ಟು ಸಾಕು. ನಮ್ಮಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’ ಎಂದು ಬರೆದು ನೋಡಿ: ಷಕಾರದ ಬುಡದಲ್ಲಿ ಟಕಾರ, ಅದರ ಜೊತೆಗೆ ರಕಾರ. ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ಯ ಗುಡಿಸು ಬಂದರೆ ಎರಡೂ ತಾಗುತ್ತವೆ. ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ ಇರುವ ಒಂದು ಪ್ಯಾರಾ ಹಾಕಿ, ನಿಮ್ಮ ಫೋನಿನಲ್ಲಿ ಕಣ್ಣಾರೆ ನೋಡಿ, ಬೇಕೆನಿಸಿದರೆ 1.8ಕ್ಕೆ ಏರಿಸಿ.

ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ‘ಲೆಟರ್ ಸ್ಪೇಸಿಂಗ್’ ಗುಣವನ್ನು ಕನ್ನಡಕ್ಕೆ ಹಾಕಬೇಡಿ, ಪದದ ಮೈಕಟ್ಟೇ ಸಡಿಲವಾಗುತ್ತದೆ. ಫಾಂಟ್ ವಿಷಯದಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ ಇವುಗಳಲ್ಲಿ ಒಂದನ್ನು ಆರಿಸಿ. ಒಂದೇ ಸಾಕು. ಉದ್ದ ಬರಹಕ್ಕೆ ನನಗೆ ಹಿಡಿಸುವುದು ತಿರೊ ಕನ್ನಡ, ಪುಸ್ತಕ ಓದಿದ ಹಾಗಿರುತ್ತದೆ.

## 6. ಫೋಟೊ ಹಾಕುವಾಗ

ಫೋನಿನಲ್ಲಿ ತೆಗೆದ ಫೋಟೊ ಮೂರ್ನಾಲ್ಕು ಎಂಬಿ ಇರುತ್ತದೆ. ಅಂಥ ಐದು ಫೋಟೊ ಇರುವ ಪುಟ ಹಳ್ಳಿಯ ನೆಟ್‌ವರ್ಕಿನಲ್ಲಿ ತೆರೆಯುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಸ್ಕ್ವೂಶ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಕೆಲಸ ಮಾಡುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, 200 ಕೆಬಿ ಒಳಗೆ ತನ್ನಿ. ಐಫೋನಿನ ಎಚ್‌ಇಐಸಿ ಫೋಟೊ ಕ್ರೋಮಿನಲ್ಲಿ ಕಾಣುವುದಿಲ್ಲ, ಮೊದಲು ಜೆಪೆಗ್‌ಗೆ ಬದಲಿಸಿಕೊಳ್ಳಿ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಫೋನಿನ ಲೊಕೇಶನ್ ಆನ್ ಇದ್ದಾಗ ತೆಗೆದ ಫೋಟೊದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಮನೆಯಂಗಳದಲ್ಲಿ ತೆಗೆದ ಮಗುವಿನ ಫೋಟೊ ಹಾಕಿದರೆ ಮನೆಯ ವಿಳಾಸವನ್ನೇ ಕೊಟ್ಟಂತೆ. ವಿಂಡೋಸಿನಲ್ಲಿ ಫೋಟೊದ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಡೀಟೇಲ್ಸ್’ಗೆ ಹೋಗಿ, ಕೆಳಗೆ ವೈಯಕ್ತಿಕ ಮಾಹಿತಿ ತೆಗೆಯುವ ಲಿಂಕ್ ಇದೆ, ಅದನ್ನು ಒತ್ತಿ.

## 7. ಗಿಟ್‌ಹಬ್ ಪೇಜಸ್‌ಗೆ ಏರಿಸುವುದು

ಗಿಟ್‌ಹಬ್ ಎಂಬುದು ಕೋಡ್ ಫೈಲುಗಳನ್ನು ಇಡುವ ಜಾಲತಾಣ, ಅದರ ಹೋಸ್ಟಿಂಗ್ ಸೇವೆಯ ಹೆಸರು ಪೇಜಸ್. ಮೊದಲ ಸೈಟಿಗೆ ಗಿಟ್‌ಹಬ್ ಪೇಜಸ್ ಸಾಕಷ್ಟಾಯಿತು. ಉಚಿತ, ಜಾಹೀರಾತಿಲ್ಲ, ಒಂದು ಜಿಬಿವರೆಗಿನ ಸೈಟ್ ಇಡಬಹುದು. ಡೇಟಾಬೇಸ್, ಅಂಗಡಿ, ಲಾಗಿನ್ ಇಂಥವು ಇಲ್ಲಿ ನಡೆಯುವುದಿಲ್ಲ, ನಿಮ್ಮ ಮೂರು ಪುಟಕ್ಕೆ ಅವು ಬೇಕಾಗಿಯೂ ಇಲ್ಲ.

1. ಗಿಟ್‌ಹಬ್‌ನಲ್ಲಿ ಖಾತೆ ತೆರೆಯಿರಿ. ಯೂಸರ್‌ನೇಮ್ ಯೋಚಿಸಿ ಆರಿಸಿ, ಅದೇ ನಿಮ್ಮ ಸೈಟಿನ ವಿಳಾಸದಲ್ಲಿ ಬರುತ್ತದೆ.
2. ಎರಡು ಹಂತದ ದೃಢೀಕರಣ ಆನ್ ಮಾಡಿ. ಆಗ ಸಿಗುವ ರಿಕವರಿ ಕೋಡುಗಳನ್ನು ಕಾಗದದಲ್ಲಿ ಬರೆದಿಡಿ. ಫೋನ್ ಕಳೆದರೆ ಒಳಗೆ ಹೋಗಲು ಅವೇ ದಾರಿ.
3. ‘ನ್ಯೂ ರೆಪಾಸಿಟರಿ’ ಒತ್ತಿ. ರೆಪಾಸಿಟರಿ ಎಂದರೆ ನಿಮ್ಮ ಸೈಟಿನ ಫೈಲುಗಳನ್ನು ಇಡುವ ಗಿಟ್‌ಹಬ್ ಫೋಲ್ಡರ್. ಹೆಸರು: ನಿಮ್ಮ ಯೂಸರ್‌ನೇಮ್, ಚುಕ್ಕೆ, ಗಿಟ್‌ಹಬ್, ಚುಕ್ಕೆ, ಐಒ. ಒಂದಕ್ಷರ ತಪ್ಪಿದರೂ ವಿಳಾಸ ಬೇರೆಯಾಗುತ್ತದೆ. ‘ಪಬ್ಲಿಕ್’ ಆರಿಸಿ, ‘ರೀಡ್‌ಮಿ’ ಫೈಲ್ ಸೇರಿಸುವ ಆಯ್ಕೆಯನ್ನೂ ಆನ್ ಮಾಡಿ.
4. ‘ಆ್ಯಡ್ ಫೈಲ್’, ‘ಅಪ್‌ಲೋಡ್ ಫೈಲ್ಸ್’ ಒತ್ತಿ. ನಿಮ್ಮ ಫೋಲ್ಡರಿನ ಒಳಗೆ ಹೋಗಿ, ಅಲ್ಲಿರುವ ಎಲ್ಲವನ್ನೂ ಆಯ್ದು ಎಳೆದು ತಂದು ಹಾಕಿ. ಫೋಲ್ಡರನ್ನೇ ಎಳೆದು ಹಾಕಿದರೆ ಮುಖಪುಟ ಒಂದು ಮಟ್ಟ ಒಳಗೆ ಸೇರಿಕೊಳ್ಳುತ್ತದೆ, ವಿಳಾಸ ಹೊಡೆದವರಿಗೆ ಸಿಗುವುದಿಲ್ಲ.
5. ‘ಕಮಿಟ್ ಚೇಂಜಸ್’ ಒತ್ತಿ.
6. ‘ಸೆಟ್ಟಿಂಗ್ಸ್’, ‘ಪೇಜಸ್’ಗೆ ಹೋಗಿ. ‘ಡಿಪ್ಲಾಯ್ ಫ್ರಮ್ ಎ ಬ್ರಾಂಚ್’, ‘ಮೇನ್’, ‘ರೂಟ್’ ಇವು ಆಯ್ಕೆಯಾಗಿವೆಯೇ ನೋಡಿ, ಇಲ್ಲದಿದ್ದರೆ ಆರಿಸಿ ‘ಸೇವ್’ ಒತ್ತಿ.

ಹತ್ತು ನಿಮಿಷ ಬಿಡಿ. ‘ಆ್ಯಕ್ಷನ್ಸ್’ ಎಂಬಲ್ಲಿ ಹಳದಿ ಚುಕ್ಕೆ ಇದ್ದರೆ ಕೆಲಸ ನಡೆಯುತ್ತಿದೆ, ಹಸಿರು ಟಿಕ್ ಬಂದರೆ ಮುಗಿದಿದೆ, ಕೆಂಪು ಗುರುತು ಬಂದರೆ ಒತ್ತಿ ಒಳಗೆ ಕಾರಣ ಓದಿ.

ಏರಿಸುವ ಮುನ್ನ ಒಂದು ಮಾತು ನೆನಪಿರಲಿ: ಪಬ್ಲಿಕ್ ರೆಪಾಸಿಟರಿಯಲ್ಲಿ ಅಳಿಸಿದ ಫೈಲೂ ಅದರ ಇತಿಹಾಸದಲ್ಲಿ ಉಳಿದಿರುತ್ತದೆ. ಆಧಾರ್ ಪ್ರತಿ, ಅಂಕಪಟ್ಟಿ, ಪಾಸ್‌ವರ್ಡ್ ಬರೆದ ಟಿಪ್ಪಣಿ, ಮನೆ ವಿಳಾಸವಿರುವ ಬಯೋಡೇಟಾ ಇಂಥದ್ದನ್ನು ‘ಆಮೇಲೆ ತೆಗೆದರಾಯಿತು’ ಎಂದು ಹಾಕಲೇಬೇಡಿ. ಸಂಪರ್ಕಕ್ಕೆ ಇಮೇಲ್ ಸಾಕು, ಫೋನ್ ನಂಬರ್ ಬೇಡ.

## 8. ಕಾಣಬೇಕಾದದ್ದು ಕಾಣದಿದ್ದರೆ

404 (ಪುಟ ಸಿಗಲಿಲ್ಲ) ಎಂಬ ಪುಟ ಬಂದರೆ ಮೂರನ್ನು ಈ ಕ್ರಮದಲ್ಲೇ ನೋಡಿ: ಮುಖಪುಟದ ಹೆಸರು ಅಕ್ಷರಶಃ ಸರಿಯಿದೆಯೇ, ಅದು ಯಾವ ಫೋಲ್ಡರಿನೊಳಗೂ ಇಲ್ಲದೆ ಹೊರಗಿದೆಯೇ, ‘ಆ್ಯಕ್ಷನ್ಸ್’ನಲ್ಲಿ ಹಸಿರು ಟಿಕ್ ಬಂದಿದೆಯೇ.

ನಿಮ್ಮ ಪುಟದ ಬದಲು ರೆಪಾಸಿಟರಿಯ ಹೆಸರಷ್ಟೇ ಇರುವ ಒಂದು ಪುಟ ಬಂದರೆ ಅದು ‘ರೀಡ್‌ಮಿ’ ಫೈಲ್. ಮುಖಪುಟ ಸಿಗದಾಗ ಗಿಟ್‌ಹಬ್ ಅದನ್ನು ತೋರಿಸುತ್ತದೆ. ಕಾರಣ ಮೇಲಿನ ಮೂರರಲ್ಲೇ ಇರುತ್ತದೆ.

ತಿದ್ದಿದ್ದು ಕಾಣದೆ ಹಳೆಯದೇ ಕಾಣುತ್ತಿದ್ದರೆ ಮತ್ತೆ ಮತ್ತೆ ಅಪ್‌ಲೋಡ್ ಮಾಡುತ್ತಾ ಹೋಗಬೇಡಿ. ಬ್ರೌಸರ್ ಹಳೆಯ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ, ಅಥವಾ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿ.

ಬರಹ ಬಂದು ಬಣ್ಣ, ಗಾತ್ರ ಬಾರದಿದ್ದರೆ ಸಿಎಸ್ಎಸ್ ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ ನುಸುಳಿದೆಯೇ ನೋಡಿ.

## 9. ಡೊಮೇನ್: ಈಗ ಕೊಳ್ಳಬಹುದು

ಸೈಟ್ ಒಂದೆರಡು ವಾರ ನಿಂತಿದೆ, ನಾಲ್ಕು ಜನಕ್ಕೆ ತೋರಿಸಿದ್ದೀರಿ, ಎರಡು ಸಲ ತಿದ್ದಿದ್ದೀರಿ ಎಂದಾದರೆ ಈಗ ಹೆಸರು ಕೊಳ್ಳಿ. ಉಚಿತ ವಿಳಾಸವೇ ಸಾಕೆನಿಸಿದರೆ ಅದನ್ನೇ ಇಟ್ಟುಕೊಳ್ಳಿ, ಅದರಲ್ಲಿ ಕೊರತೆಯೇನಿಲ್ಲ.

ದೊಡ್ಡದಾಗಿ ಬರೆದಿರುವ ಮೊದಲ ವರ್ಷದ ಬೆಲೆ ನೋಡಬೇಡಿ. ಎರಡನೇ ವರ್ಷದಿಂದ ಕಟ್ಟಬೇಕಾದ ನವೀಕರಣದ ಬೆಲೆ ಎಷ್ಟು ಎಂದು ಹುಡುಕಿ, ಅದರ ಮೇಲೆ ತೀರ್ಮಾನಿಸಿ. ಬಿಲ್ಲಿಗೆ ತಾನಾಗಿ ಸೇರಿಕೊಂಡ ಹೋಸ್ಟಿಂಗ್, ಇಮೇಲ್, ಭದ್ರತೆಯ ಪ್ಯಾಕೇಜುಗಳನ್ನು ತೆಗೆದುಹಾಕಿ. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್ಎಸ್ಎಲ್ ಪ್ರಮಾಣಪತ್ರಕ್ಕೂ ದುಡ್ಡು ಕೊಡಬೇಡಿ, ಗಿಟ್‌ಹಬ್ ಉಚಿತವಾಗಿ ಕೊಡುತ್ತದೆ.

ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮದೇ ಖಾತೆಯಲ್ಲಿ ಇರಬೇಕು. ಪರಿಚಯದ ಹುಡುಗನ ಖಾತೆಯಲ್ಲಿ ಕೊಂಡು, ಆಮೇಲೆ ಆತ ಫೋನಿಗೆ ಸಿಗದೆ ಹೆಸರು ಕಳೆದುಕೊಂಡವರು ಎಷ್ಟೋ ಮಂದಿ.

ಕೊಂಡ ಮೇಲೆ ಇಮೇಲ್ ದೃಢೀಕರಿಸಿ ಎಂಬ ಪತ್ರ ಬರುತ್ತದೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ 15 ದಿನದೊಳಗೆ ದೃಢೀಕರಿಸದಿದ್ದರೆ ಡೊಮೇನ್ ತಡೆಹಿಡಿಯುತ್ತಾರೆ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಇದರ ಬೆನ್ನಿಗೇ ವೆಬ್‌ಸೈಟ್ ಮಾಡಿಕೊಡುತ್ತೇವೆ ಎಂಬ ಕರೆಗಳು, ‘ನಿಮ್ಮ ಡೊಮೇನ್ ಮುಗಿಯುತ್ತಿದೆ, ಈ ಲಿಂಕಿನಲ್ಲಿ ಹಣ ಕಟ್ಟಿ’ ಎಂಬ ಇಮೇಲುಗಳು ಬರಬಹುದು. ಹಣ ಕಟ್ಟುವುದಿದ್ದರೆ ನೀವೇ ನಿಮ್ಮ ಖಾತೆಗೆ ಲಾಗಿನ್ ಆಗಿ ಕಟ್ಟಿ, ಬಂದ ಲಿಂಕ್ ಒತ್ತಿ ಅಲ್ಲ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಡೊಮೇನ್ ಕೂಡ ಇದೆ. ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಅದನ್ನೂ ನೋಡಿಕೊಳ್ಳುತ್ತದೆ. ಹೆಸರು ಕನ್ನಡದಲ್ಲಿ ಕಾಣುವುದು ನಿಜಕ್ಕೂ ಸಂತೋಷ ಕೊಡುತ್ತದೆ. ಆದರೆ ಹಿಂದೆ ನಡೆಯುವುದು ಇಂಗ್ಲಿಷ್ ಅಕ್ಷರಗಳ ಒಂದು ಸಂಕೇತ, ಕೆಲವು ಫಾರ್ಮುಗಳು ಅಂಥ ವಿಳಾಸವನ್ನು ಒಪ್ಪುವುದಿಲ್ಲ. ಅದನ್ನು ಎರಡನೇ ವಿಳಾಸವಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

## 10. ಹೆಸರನ್ನು ಸೈಟಿಗೆ ಜೋಡಿಸುವುದು

ಕ್ರಮ ಮುಖ್ಯ. ಮೊದಲು ಗಿಟ್‌ಹಬ್, ಆಮೇಲೆ ಡೊಮೇನ್ ಕೊಂಡ ಕಡೆ. ತಿರುಗಾಮುರುಗಾ ಮಾಡಿದರೆ ನಡುವಿನ ಹೊತ್ತಿನಲ್ಲಿ ಬೇರೆಯವರು ನಿಮ್ಮ ಹೆಸರನ್ನು ತಮ್ಮ ಪುಟಕ್ಕೆ ಕಟ್ಟಿಕೊಳ್ಳಲು ಅವಕಾಶವಾಗುತ್ತದೆ.

‘ಸೆಟ್ಟಿಂಗ್ಸ್’, ‘ಪೇಜಸ್’ ಒಳಗೆ ‘ಕಸ್ಟಮ್ ಡೊಮೇನ್’ ಎಂಬಲ್ಲಿ ನಿಮ್ಮ ಡೊಮೇನ್ ಬರೆದು ಉಳಿಸಿ.

ಈಗ ಡೊಮೇನ್ ಕೊಂಡ ಖಾತೆಯಲ್ಲಿ ಡಿಎನ್ಎಸ್ ಪಟ್ಟಿ, ಅಂದರೆ ನಿಮ್ಮ ಹೆಸರು ಯಾವ ಸರ್ವರಿಗೆ ಕರೆದೊಯ್ಯಬೇಕು ಎಂದು ಹೇಳುವ ಪಟ್ಟಿ, ತೆರೆಯಿರಿ. ಅಲ್ಲಿ ಮಾರಿದವರ ಜಾಹೀರಾತು ಪುಟಕ್ಕೆ ಕರೆದೊಯ್ಯುವ ‘ಎ’ ದಾಖಲೆ ಮೊದಲೇ ಇರುವುದುಂಟು. ಅದನ್ನು ಅಳಿಸಿ. ಇದನ್ನು ಮರೆತವರಿಗೆ ಒಮ್ಮೆ ತಮ್ಮ ಸೈಟ್, ಒಮ್ಮೆ ಜಾಹೀರಾತು ಕಾಣುತ್ತದೆ. ನಂತರ ಗಿಟ್‌ಹಬ್ ಸರ್ವರುಗಳ ಈ ಅಂಕಿ ವಿಳಾಸಗಳಿಗೆ ನಾಲ್ಕು ‘ಎ’ ದಾಖಲೆ ಸೇರಿಸಿ:

185.199.108.153
185.199.109.153
185.199.110.153
185.199.111.153

ಮೂರು ಡಬ್ಲ್ಯೂಗೆ ಒಂದು ‘ಸಿನೇಮ್’ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಕಟ್ಟುವ) ದಾಖಲೆ ಹಾಕಿ, ಅದರ ಗುರಿ ನಿಮ್ಮ ಗಿಟ್‌ಹಬ್ ಐಒ ವಿಳಾಸ. ಇಮೇಲಿಗೆ ಸೇರಿದ ‘ಎಂಎಕ್ಸ್’ ದಾಖಲೆಗಳು ಇದ್ದರೆ ಮುಟ್ಟಬೇಡಿ.

ಬದಲಾವಣೆ ಎಲ್ಲ ಕಡೆ ತಲುಪಲು ಒಂದು ದಿನದವರೆಗೂ ಹಿಡಿಯಬಹುದು. ನಿಮ್ಮ ಫೋನಿನಲ್ಲಿ ಬಂದು ಮನೆಯ ವೈಫೈನಲ್ಲಿ ಬಾರದಿದ್ದರೆ ಗಾಬರಿ ಬೇಡ, ದಾಖಲೆಗಳನ್ನು ಮತ್ತೆ ಮತ್ತೆ ಬದಲಿಸಲೂ ಬೇಡ. ಪ್ರತಿ ಸಲ ಬದಲಿಸಿದಾಗ ಕಾಯುವುದು ಮೊದಲಿನಿಂದ ಶುರು. ಸೈಟ್ ಬಂದ ಮೇಲೆ ‘ಎನ್‌ಫೋರ್ಸ್ ಎಚ್‌ಟಿಟಿಪಿಎಸ್’ಗೆ ಟಿಕ್ ಹಾಕಿ. ಆ ಚೌಕ ಮಸುಕಾಗಿದ್ದರೆ ಪ್ರಮಾಣಪತ್ರ ಇನ್ನೂ ಸಿದ್ಧವಾಗಿಲ್ಲ, ಮರುದಿನ ನೋಡಿ. ಟಿಕ್ ಹಾಕುವವರೆಗೆ ಬ್ರೌಸರ್ ‘ನಾಟ್ ಸೆಕ್ಯೂರ್’ ಎಂದು ತೋರಿಸಬಹುದು, ಆವರೆಗೆ ವಿಳಾಸವನ್ನು ಹಂಚಬೇಡಿ.

## 11. ಗೂಗಲ್‌ಗೆ ತಿಳಿಸಿ

ಗೂಗಲ್ ಸರ್ಚ್ ಕನ್ಸೋಲಿಗೆ ಹೋಗಿ ‘ಯುಆರ್‌ಎಲ್ ಪ್ರಿಫಿಕ್ಸ್’ ವಿಧಾನದಲ್ಲಿ ಸೈಟ್ ಸೇರಿಸಿ. ಅವರು ಕೊಡುವ ಒಂದು ಪುಟ್ಟ ಎಚ್‌ಟಿಎಂಎಲ್ ಫೈಲನ್ನು ಮುಖಪುಟದ ಪಕ್ಕದಲ್ಲೇ ಅಪ್‌ಲೋಡ್ ಮಾಡಿದರೆ ಸೈಟ್ ನಿಮ್ಮದೆಂದು ಖಾತ್ರಿಯಾಗುತ್ತದೆ. ಆ ಫೈಲನ್ನು ಆಮೇಲೆ ಅಳಿಸಬೇಡಿ. ಮುಖಪುಟದ ವಿಳಾಸ ಹಾಕಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ಹುಡುಕಾಟದಲ್ಲಿ ಕಾಣಿಸಲು ಕೆಲವು ದಿನದಿಂದ ಕೆಲವು ವಾರ ಬೇಕಾಗುತ್ತದೆ. ಮೊದಲ ಪುಟದಲ್ಲಿ ತರಿಸುತ್ತೇವೆ ಎಂದು ಹಣ ಕೇಳುವವರನ್ನು ದೂರವಿಡಿ.

ಡೊಮೇನಿಗೆ ಸ್ವಯಂ ನವೀಕರಣ ಆನ್ ಮಾಡಿದ್ದರೂ ಅವಧಿ ಮುಗಿಯುವ ತಿಂಗಳ ಹಿಂದಿನ ದಿನಾಂಕಕ್ಕೆ ಫೋನಿನಲ್ಲಿ ಒಂದು ಜ್ಞಾಪನೆ ಹಾಕಿಕೊಳ್ಳಿ. ಬ್ಯಾಂಕ್ ಕಾರ್ಡ್ ಬದಲಾದಾಗ ಸ್ವಯಂ ನವೀಕರಣ ಸದ್ದಿಲ್ಲದೆ ವಿಫಲವಾಗುತ್ತದೆ.